ಲೇಸರ್ ಮಿಷನ್ನಿನ ಸ್ಕ್ರೀನು ಕೆಲಸಗಾರರಿಗೆ ಅರ್ಥವಾಗುವ ಹಾಗೆ ಮಾಡಿದ್ದು: ನನ್ನ ಅನುಭವ

ಲೇಸರ್ ಕೆತ್ತನೆ ಮಿಷನ್ ನಡೆಸುವ ಒಂದು ತಂತ್ರಾಂಶಕ್ಕೆ ನಾವು ಮಾಡಿದ ಕೊನೆಯ ಬದಲಾವಣೆಯೂ ಕಳೆದ ವಾರ ಅದರ ಮೂಲ ಪ್ರತಿಗೆ ಸೇರಿತು. ತುಮಕೂರಿನಲ್ಲಿ ನನ್ನ ಚಿಕ್ಕಪ್ಪನ ಅಂಗಡಿ ಇದೆ. ನಾಮಫಲಕ, ಶೀಲ್ಡು, ರಬ್ಬರ್ ಸ್ಟಾಂಪು ಮಾಡಿಕೊಡುತ್ತಾರೆ. ಮರದ ಮೇಲೆ ಕೆತ್ತಲು ಒಂದು ಲೇಸರ್ ಮಿಷನ್ ತಂದರು. ಅದನ್ನು ನಡೆಸುವುದು ಒಂದು ಉಚಿತವಾದ, ಮುಕ್ತ ತಂತ್ರಾಂಶ, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಿ ಬದಲಾಯಿಸಬಹುದು. ಅದರ ಸ್ಕ್ರೀನನ್ನು ಅಂಗಡಿಯಲ್ಲಿ ದುಡಿಯುವವರಿಗೆ ಸುಲಭ ಮಾಡಬೇಕು ಅಂತ ನಾನು ಯುಗಾದಿಯ ಹೊತ್ತಿಗೆ ಕೈ ಹಾಕಿದೆ. ಮುಗಿಯುವಾಗ ದೀಪಾವಳಿ ದಾಟಿತ್ತು. ಇದೇ ಕೆಲಸಕ್ಕೆ ಹೊರಡುವವರು ಅನಗತ್ಯವಾಗಿ ಒದ್ದಾಡಬಾರದು ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ತಂತ್ರಾಂಶದ ಹೆಸರು ಹೇಳುವುದಿಲ್ಲ. ಅದನ್ನು ನೋಡಿಕೊಳ್ಳುವವರು ಸಂಬಳವಿಲ್ಲದೆ ದುಡಿಯುವ ಕೆಲವೇ ಜನ. ನಮಗೆ ಸಿಕ್ಕಿದ ತೊಡಕುಗಳು ಈ ಬಗೆಯ ಬೇರೆ ತಂತ್ರಾಂಶಗಳಲ್ಲೂ ಇವೆ.

ಮಿಷನ್ನಿನದು 10 ವ್ಯಾಟಿನ ನೀಲಿ ಡಯೋಡ್ ಲೇಸರ್. ಅದನ್ನು ನಿಯಂತ್ರಿಸುವ ಬೋರ್ಡಿನಲ್ಲಿರುವ ಪುಟ್ಟ ತಂತ್ರಾಂಶ ಜಿಆರ್‌ಬಿಎಲ್ 1.1. ಕಂಪ್ಯೂಟರು ಯುಎಸ್‌ಬಿ ತಂತಿಯಲ್ಲಿ ಸಾಲು ಸಾಲಾಗಿ ಜಿ-ಕೋಡ್, ಅಂದರೆ ಎಲ್ಲಿಗೆ ಎಷ್ಟು ವೇಗದಲ್ಲಿ ಹೋಗಬೇಕು ಅನ್ನುವಂಥ ಆದೇಶಗಳನ್ನು, ಕಳಿಸುತ್ತದೆ. ಬೋರ್ಡು ಅದನ್ನು ಓದಿ ಮೋಟಾರು ತಿರುಗಿಸುತ್ತದೆ, ಲೇಸರ್ ಹೊತ್ತಿಸುತ್ತದೆ. ನಾವು ಒತ್ತುವ ಹೆಚ್ಚಿನ ಗುಂಡಿಗಳೆಲ್ಲ ಕೊನೆಗೆ ಇಂಥ ಸಾಲುಗಳೇ ಆಗುತ್ತವೆ. ಇದು ತಿಳಿದಿರಬೇಕು, ಯಾಕೆಂದರೆ ನಾವು ಎದುರಿಸಿದ ಅರ್ಧ ತೊಂದರೆಗಳು ಸ್ಕ್ರೀನಿನಲ್ಲಿ ಕಂಡರೂ ಬೇರು ಇದ್ದದ್ದು ಬೋರ್ಡಿನಲ್ಲಿ.

ಮೊದಲ ಕೆಲವು ಶನಿವಾರ ನಾನು ಕೋಡ್ ಮುಟ್ಟಲಿಲ್ಲ. ಮಿಷನ್ ನೋಡಿಕೊಳ್ಳುವ ಹುಡುಗನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಅವನು ಎಲ್ಲಿ ತಡೆಯುತ್ತಾನೆ, ಎಲ್ಲಿ ಮೌಸ್ ಸುಮ್ನೆ ಆಡಿಸುತ್ತಾನೆ, ಯಾವಾಗ ಚಿಕ್ಕಪ್ಪನನ್ನು ಕರೆಯುತ್ತಾನೆ, ಇಷ್ಟನ್ನು ಮಾತ್ರ ಬರೆದುಕೊಂಡೆ. ಮಾನಿಟರಿನ ಅಂಚಿಗೆ ಅವನೊಂದು ರಟ್ಟಿನ ಚೂರು ಅಂಟಿಸಿದ್ದ. ಯಾವ ಮರಕ್ಕೆ ಎಷ್ಟು ಪವರ್, ಎಷ್ಟು ಸ್ಪೀಡ್ ಅಂತ ಸ್ಕೆಚ್ ಪೆನ್ನಿನಲ್ಲಿ ಬರೆದ ಪಟ್ಟಿ. ಮೇಲಿನ ಸಾಲಿನ ಐಕಾನುಗಳಲ್ಲಿ ಬಹಳಷ್ಟನ್ನು ಅವನು ಒಮ್ಮೆಯೂ ಒತ್ತಲಿಲ್ಲ. ಇದೇ ದಾರಿಗೆ ಬರುವವರಿಗೆ ನನ್ನ ಮೊದಲ ಮಾತು: ಅಂಟಿಸಿದ ಚೀಟಿಗಳ ಫೋಟೊ ತೆಗೆದಿಟ್ಟುಕೊಳ್ಳಿ. ಸ್ಕ್ರೀನಿನಲ್ಲಿ ಇರಬೇಕಾಗಿ ಇಲ್ಲದೇ ಇರುವುದು ಅದರಲ್ಲಿರುತ್ತದೆ.

ಬೆಳಿಗ್ಗೆ ಮಿಷನ್ ಆನ್ ಮಾಡಿದ ಕೂಡಲೇ ಮೊದಲ ತೊಡಕು. ಬಾಣದ ಗುಂಡಿ ಒತ್ತಿದರೆ ಸಣ್ಣ ಅಕ್ಷರದಲ್ಲಿ ‘ಎರರ್ 8’. ಸ್ಟಾರ್ಟ್ ಒತ್ತಿದರೆ ‘ಎರರ್ 9’. ಹುಡುಗ ಯುಎಸ್‌ಬಿ ತಂತಿ ಕಿತ್ತು ಮತ್ತೆ ಸಿಕ್ಕಿಸುತ್ತಿದ್ದ. ಮಿಷನ್ ಆಫ್ ಮಾಡಿ ಆನ್ ಮಾಡುತ್ತಿದ್ದ. ಮತ್ತೆ ಅದೇ. ಹೋಮಿಂಗ್, ಅಂದರೆ ಲೇಸರ್ ಹೆಡ್ಡನ್ನು ಮೂಲೆಗೆ ಕಳಿಸಿ ಜಾಗ ಗುರುತಿಸಿಕೊಳ್ಳುವ ಏರ್ಪಾಡು, ಇರುವ ಜಿಆರ್‌ಬಿಎಲ್ ಬೋರ್ಡು ಆನ್ ಆದಾಗ ಬೇಕಂತಲೇ ಬೀಗ ಹಾಕಿಕೊಂಡಿರುತ್ತದೆ. ಹೆಡ್ಡು ಎಲ್ಲಿದೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಮೂಲೆಯ ಸ್ವಿಚ್ಚು ಮುಟ್ಟಿ ಬಂದ ಮೇಲೇ ಕೆಲಸ ಒಪ್ಪಿಕೊಳ್ಳುತ್ತದೆ. 8 ಅಂದರೆ ಬೋರ್ಡು ಬಿಡುವಾಗಿಲ್ಲ. 9 ಅಂದರೆ ಬೀಗ ಬಿದ್ದಿದೆ. ಇದನ್ನು ಬಾಯಿಬಿಟ್ಟು ಹೇಳಿದ್ದರೆ ದಿನಾ ಬೆಳಿಗ್ಗೆ ಅಷ್ಟು ಹೊತ್ತು ಹಾಳಾಗುತ್ತಿರಲಿಲ್ಲ.

ನಾವು ಅಲ್ಲಿ ಒಂದು ಅಗಲವಾದ ಪಟ್ಟಿ ತಂದೆವು. ‘ಮಿಷನ್ ಬೀಗ ಹಾಕಿಕೊಂಡಿದೆ. ಮೊದಲು ಮೂಲೆಗೆ ಕಳಿಸಿ’ ಅಂತ ಎರಡು ವಾಕ್ಯ, ಪಕ್ಕದಲ್ಲೇ ‘ಮೂಲೆಗೆ ಕಳಿಸು’ ಅನ್ನುವ ಗುಂಡಿ. ಹೋಮಿಂಗ್ ಇಲ್ಲದೆ ಬೀಗ ತೆಗೆಯುವ ಇನ್ನೊಂದು ಆದೇಶವೂ ಇದೆ. ಅದನ್ನು ಮಾತ್ರ ಮೆನುವಿನ ಒಳಗೆ ಇಟ್ಟೆವು. ಹೆಡ್ಡು ಅಂಚಿಗೆ ಬಡಿದು ನಿಂತಾಗ ಬೀಗ ತೆಗೆದುಬಿಟ್ಟರೆ ಅಳತೆ ತಪ್ಪಿದ ಮಿಷನ್ ಕೆಲಸ ಶುರು ಮಾಡುತ್ತದೆ, ಹೆಡ್ಡನ್ನು ಎಳೆಯುವ ಬೆಲ್ಟು ಹಾಳಾಗುತ್ತದೆ.

ಆಮೇಲೆ ಪವರಿನ ಕತೆ. “ಅಕ್ಕಾ, ಮೂವತ್ತಕ್ಕೆ ಇಟ್ಟರೂ ಅಷ್ಟೇ, ಎಂಬತ್ತಕ್ಕೆ ಇಟ್ಟರೂ ಅಷ್ಟೇ ಕಪ್ಪಾಗುತ್ತೆ” ಅಂದ ಹುಡುಗ. ಎಲ್ಲರೂ ಲೇಸರ್ ಹೆಡ್ಡು ಕೆಟ್ಟಿದೆ ಅಂದುಕೊಂಡಿದ್ದರು. ಮಿಷನ್ ಮಾರಿದವರನ್ನು ಕೇಳಿದರೆ ಹೊಸ ಹೆಡ್ಡು ತಗೊಳ್ಳಿ ಅಂದರು. ಅದರ ಬೆಲೆ ಕೇಳಿ ಚಿಕ್ಕಪ್ಪ ಆ ದಿನವೆಲ್ಲ ಮಾತಾಡಲಿಲ್ಲ. ನಾನು ಬೋರ್ಡಿನ ಸೆಟ್ಟಿಂಗ್ ಪಟ್ಟಿ ಹೊರಗೆ ತೆಗೆದು ನೋಡಿದೆ. $30 ಅನ್ನುವ ಸಾಲಿನಲ್ಲಿ 255 ಇತ್ತು. ಪೂರ್ತಿ ಪವರ್ ಅಂದರೆ ಯಾವ ಸಂಖ್ಯೆ ಅಂತ ಬೋರ್ಡು ಇಟ್ಟುಕೊಳ್ಳುವ ಜಾಗ ಅದು. ತಂತ್ರಾಂಶ ಮಾತ್ರ ಪೂರ್ತಿ ಅಂದರೆ 1000 ಅಂತ ತಿಳಿದಿತ್ತು. 30 ಶೇಕಡಾ ಅಂದರೆ 300 ಕಳಿಸುತ್ತಿತ್ತು. 255 ದಾಟಿದ್ದೆಲ್ಲ ಬೋರ್ಡಿಗೆ ಪೂರ್ತಿ ಪವರೇ. ಎರಡೂ ಕಡೆ ಒಂದೇ ಸಂಖ್ಯೆ ಮಾಡಿದೆ. ಹೆಡ್ಡಿಗೆ ಏನೂ ಆಗಿರಲಿಲ್ಲ. ಆ ಸಂಜೆ ಚಿಕ್ಕಪ್ಪ “ನೋಡಮ್ಮ, ಇದೊಂದಕ್ಕೇ ನೀನು ಇಷ್ಟು ಸಲ ಓಡಾಡಿದ್ದು ಸಾರ್ಥಕ” ಅಂದರು.

ಸ್ಕ್ರೀನಿನ ಕೆಲಸವಾಗಿ ಇದನ್ನು ಹೀಗೆ ತಂದೆವು: ಮಿಷನ್ ಕನೆಕ್ಟ್ ಆದ ಕೂಡಲೇ ತಂತ್ರಾಂಶವೇ ಆ ಸಂಖ್ಯೆ ಓದಿಕೊಳ್ಳುತ್ತದೆ. ತನ್ನಲ್ಲಿರುವುದಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಕೇಳುತ್ತದೆ. ಜೊತೆಗೆ $32 ಕೂಡ. ಅದು 1 ಇದ್ದರೆ ಮಾತ್ರ ಬೋರ್ಡು ಲೇಸರ್ ಮೋಡಿನಲ್ಲಿರುತ್ತದೆ. ಆಗ ಲೇಸರ್ ಹೊತ್ತಿಸುವ ಎಂ4 ಆದೇಶ ಕೊಟ್ಟರೆ ಹೆಡ್ಡು ತಿರುವಿನಲ್ಲಿ ನಿಧಾನವಾದಾಗ ಪವರೂ ತಗ್ಗುತ್ತದೆ, ಮೂಲೆಗಳು ಸುಟ್ಟು ಕಪ್ಪಾಗುವುದಿಲ್ಲ.

ಸ್ಪೀಡಿನದೂ ಇಂಥದ್ದೇ ಗೋಳು. ವಿಡಿಯೊಗಳಲ್ಲಿ ಸೆಕೆಂಡಿಗೆ 50 ಮಿ.ಮೀ. ಅನ್ನುತ್ತಾರೆ. ನಮ್ಮ ಸ್ಕ್ರೀನು ಕೇಳುವುದು ನಿಮಿಷಕ್ಕೆ ಎಷ್ಟು ಅಂತ. 3000 ಹಾಕಬೇಕಾದಲ್ಲಿ 50 ಹಾಕಿದರೆ ಮರ ಹೊತ್ತಿಕೊಳ್ಳಬಹುದು. ಅಂಕಿಯ ಪಕ್ಕ ಅಳತೆಯನ್ನು ದೊಡ್ಡದಾಗಿ ಬರೆದೆವು, ಬದಲಾಯಿಸುವ ಗುಂಡಿ ಅಲ್ಲೇ ಇಟ್ಟೆವು. ಬರೆಯಲು ಒಂದು ಮಧ್ಯಾಹ್ನ ಸಾಕಾಯಿತು. ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಅತಿ ಬೆಲೆಬಾಳುವ ಬದಲಾವಣೆಗಳಲ್ಲಿ ಇದೂ ಒಂದು.

ಅತಿ ಹೆಚ್ಚು ಸಾಮಾನು ಹಾಳಾಗುತ್ತಿದ್ದದ್ದು ಕೆತ್ತನೆ ಎಲ್ಲಿಂದ ಶುರುವಾಗುತ್ತದೆ ಅನ್ನುವ ವಿಷಯದಲ್ಲಿ. ಹೆಡ್ಡು ನಿಂತ ಜಾಗದಿಂದ ಶುರು ಮಾಡಬಹುದು. ಮಿಷನ್ನಿನ ಮೂಲೆಯನ್ನು ಸೊನ್ನೆ ಅಂತ ಹಿಡಿದೂ ಮಾಡಬಹುದು. ಚಿತ್ರದ ಯಾವ ಮೂಲೆ ಆ ಬಿಂದುವಿಗೆ ಕೂರಬೇಕು ಅಂತ ಒಂಬತ್ತು ಚುಕ್ಕಿಗಳ ಚೌಕದಲ್ಲಿ ಆರಿಸಬೇಕು. ಎಲ್ಲಿಂದ ಶುರು ಅನ್ನುವ ಆಯ್ಕೆಯೂ ಈ ಚೌಕವೂ ಸ್ಕ್ರೀನಿನ ಬೇರೆ ಬೇರೆ ಮೂಲೆಯಲ್ಲಿದ್ದವು. ಗೃಹಪ್ರವೇಶಕ್ಕೆಂದು ಗಿರಾಕಿಯೊಬ್ಬರು ತಮ್ಮ ಹಳೆ ಮನೆಯ ಬಾಗಿಲಿನ ಸಾಗುವಾನಿ ಹಲಗೆ ಕೊಟ್ಟಿದ್ದರು. ಹಿಂದಿನ ದಿನ ಯಾರೋ ಬದಲಾಯಿಸಿದ ಸೆಟ್ಟಿಂಗು ಹಾಗೇ ಉಳಿದಿತ್ತು, ಸ್ಕ್ರೀನು ಅದನ್ನು ಎಲ್ಲೂ ತೋರಿಸಲಿಲ್ಲ. ಹೆಸರಿನ ಅರ್ಧ ಹಲಗೆಯ ಹೊರಗೆ ಹೋಯಿತು. ಅಂಥ ಹಲಗೆಗೆ ದುಡ್ಡು ಕೊಟ್ಟು ತೀರಿಸಲು ಆಗುತ್ತಾ? ಆ ಹುಡುಗ ಆ ದಿನ ಊಟ ಮಾಡಲಿಲ್ಲ.

ಇದಕ್ಕೆ ನಾವು ಹೆಚ್ಚು ಸಮಯ ಕೊಟ್ಟೆವು. ಜಿಆರ್‌ಬಿಎಲ್‌ಗೆ ಪ್ರಶ್ನಾರ್ಥಕ ಚಿಹ್ನೆ ಕಳಿಸಿದರೆ ಹೆಡ್ಡು ಈಗ ಎಲ್ಲಿದೆ ಅಂತ ಕೂಡಲೇ ಹೇಳುತ್ತದೆ. ಅದನ್ನು ಆಗಾಗ ಕೇಳಿ ಚಿತ್ರದ ಮೇಲೆಯೇ ಒಂದು ಗುರುತಾಗಿ ತೋರಿಸಿದೆವು. ಕೆತ್ತನೆ ಬೀಳುವ ಜಾಗವನ್ನು ಚೌಕವಾಗಿ ತೋರಿಸಿದೆವು. ‘ಅಂಚು ತೋರಿಸು’ ಗುಂಡಿ ದೊಡ್ಡದಾಯಿತು. ಅದು ಅತಿ ಕಡಿಮೆ ಪವರಿನಲ್ಲಿ ಹೆಡ್ಡನ್ನು ಚಿತ್ರದ ಸುತ್ತ ಒಂದು ಸುತ್ತು ಹಾಕಿಸುತ್ತದೆ. ಚಿತ್ರ ಬದಲಾದ ಮೇಲೆ ಆ ಸುತ್ತು ಹಾಕಿಸದೆ ಸ್ಟಾರ್ಟ್ ಒತ್ತಿದರೆ ಈಗ ಒಮ್ಮೆ ಕೇಳುತ್ತದೆ.

ಕನ್ನಡ ಅಕ್ಷರದ ಪಾಡು ಬೇರೆಯೇ. ತುಮಕೂರಿನ ಅಂಗಡಿ ಅಂದ ಮೇಲೆ ಬರುವ ಕೆಲಸದಲ್ಲಿ ಬಹುಪಾಲು ಕನ್ನಡವೇ ಅಲ್ವಾ. ತಂತ್ರಾಂಶದಲ್ಲಿದ್ದ ಅಕ್ಷರ ಬರೆಯುವ ಸಾಧನ ಫಾಂಟಿನಿಂದ ಒಂದೊಂದೇ ಅಕ್ಷರ ಎತ್ತಿ ಪಕ್ಕಪಕ್ಕ ಇಡುತ್ತಿತ್ತು. ‘ಲಕ್ಷ್ಮೀ ನಿಲಯ’ ಅಂತ ಟೈಪ್ ಮಾಡಿದರೆ ‘ಲಕ್‌ಷ್‌ಮೀ’ ಅಂತ ಒತ್ತಕ್ಷರ ಒಡೆದು ಬರುತ್ತಿತ್ತು. ಅದಕ್ಕೇ ಅಂಗಡಿಯವರು ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪಿನಲ್ಲಿ ಬರೆದು, ಅಕ್ಷರಗಳನ್ನು ಗೆರೆಗಳಾಗಿ ಬದಲಾಯಿಸಿ ತರುತ್ತಿದ್ದರು. ಅಲ್ಲೂ ಒಂದು ತೊಡಕು. ಕನ್ನಡದ ಅಕ್ಷರ, ಗುಣಿತದ ಚಿಹ್ನೆ, ಒತ್ತು ಬೇರೆ ಬೇರೆ ತುಂಡುಗಳಾಗಿ ಒಂದರ ಮೇಲೊಂದು ಸ್ವಲ್ಪ ಏರಿಕೊಂಡಿರುತ್ತವೆ. ಒಳಗೆ ತುಂಬಿ ಕೆತ್ತುವಾಗ ಹಾಗೆ ಏರಿಕೊಂಡ ಜಾಗವನ್ನು ತಂತ್ರಾಂಶ ತೂತು ಅಂತ ಲೆಕ್ಕ ಹಾಕಿ ಬಿಟ್ಟುಬಿಡುತ್ತದೆ. ಅಕ್ಷರದ ನಡುವೆ ಬಿಳಿ ಕಲೆಗಳು ಉಳಿಯುತ್ತವೆ. ಗೆರೆಗಳನ್ನು ಆರಿಸಿ ಯೂನಿಯನ್ ಮಾಡಿದರೆ, ಅಂದರೆ ತುಂಡುಗಳನ್ನು ಒಂದೇ ಆಕಾರವಾಗಿ ಬೆಸೆದರೆ, ಸರಿಹೋಗುತ್ತದೆ. ಈ ಒಂದು ಸಾಲಿಗಾಗಿ ಯಾರಾದರೂ ಈ ಲೇಖನ ಹುಡುಕಿ ಬಂದಿದ್ದರೆ ನನಗೆ ಸಂತೋಷ.

ಡಿಟಿಪಿ ಅಂಗಡಿಯಿಂದ ಬರುವ ಫೈಲು ಹಳೆಯ ‘ನುಡಿ’ ಫಾಂಟಿನಲ್ಲಿದ್ದು, ಆ ಫಾಂಟು ನಿಮ್ಮಲ್ಲಿ ಇಲ್ಲದಿದ್ದರೆ ಕನ್ನಡ ಹೋಗಿ ಬೇರೇನೋ ಅಕ್ಷರ ಕಾಣುತ್ತದೆ. “ಕರ್ವ್ ಮಾಡಿ ಕೊಡಿ” ಅಂತ, ಅಂದರೆ ಅಕ್ಷರಗಳನ್ನು ಗೆರೆಗಳಾಗಿ ಬದಲಾಯಿಸಿ ಕೊಡಿ ಅಂತ, ಮೊದಲೇ ಹೇಳಿಬಿಡಿ. ಇನ್ನು ಇಂಕ್‌ಸ್ಕೇಪಿನ ಹಳೆ ಫೈಲುಗಳು. 2017ರಲ್ಲಿ ಬಂದ 0.92 ಆವೃತ್ತಿಯಿಂದ ಅದು ಇಂಚಿಗೆ 90 ಚುಕ್ಕಿಯ ಲೆಕ್ಕ ಬಿಟ್ಟು 96ಕ್ಕೆ ಬಂತು. ಅದಕ್ಕಿಂತ ಹಳೆಯ 300 ಮಿ.ಮೀ. ಫಲಕ ಹೊಸ ಲೆಕ್ಕದಲ್ಲಿ 281 ಮಿ.ಮೀ. ಆಗಿ ತೆರೆಯಬಹುದು. ನಾವು ಫೈಲು ತೆರೆದ ಕೂಡಲೇ ಉದ್ದ ಅಗಲವನ್ನು ದಪ್ಪ ಅಂಕಿಯಲ್ಲಿ ತೋರಿಸುವ ಹಾಗೆ ಮಾಡಿದೆವು.

ಕನ್ನಡಕದ ವಿಷಯ ನನಗೆ ಅಂಗಡಿಯಲ್ಲಿ ನಿಂತ ಮೇಲೇ ಗೊತ್ತಾದದ್ದು. ನೀಲಿ ಲೇಸರಿಗೆ ಕಿತ್ತಳೆ ಬಣ್ಣದ ಗಾಗಲ್ ಹಾಕಲೇಬೇಕು. ನಮ್ಮ ಲೇಸರಿನ ತರಂಗ 450 ನ್ಯಾನೊಮೀಟರ್ ಆಸುಪಾಸಿನದು. ಆ ಸಂಖ್ಯೆಗೆ ರಕ್ಷಣೆ ಕೊಡುವುದಾಗಿ ಬರೆದ ಗಾಗಲ್ಲೇ ಬೇಕು, ಯಾವುದೋ ಬಣ್ಣದ್ದು ಆಗುವುದಿಲ್ಲ. ಅದನ್ನು ಹಾಕಿಕೊಂಡು ಸ್ಕ್ರೀನು ನೋಡಿದೆ. ನೀಲಿ ಗೆರೆಯೂ ಕಪ್ಪು ಗೆರೆಯೂ ಒಂದೇ ಥರ. ತಂತ್ರಾಂಶದಲ್ಲಿ ಕೆತ್ತಬೇಕಾದದ್ದು ಕಪ್ಪು, ಕತ್ತರಿಸಬೇಕಾದದ್ದು ನೀಲಿ! ಕೆಲಸಗಾರ ಗಾಗಲ್ ತೆಗೆದು ಸ್ಕ್ರೀನು ನೋಡಿ ಮತ್ತೆ ಹಾಕಿಕೊಳ್ಳಬೇಕು. ಲೇಸರ್ ಉರಿಯುತ್ತಿರುವಾಗಲೂ ಹಾಗೇ ಮಾಡುತ್ತಿದ್ದರು. ನನಗೆ ಎದೆ ಝಲ್ಲೆಂದಿತು. ಕತ್ತರಿಸುವ ಗೆರೆ ದಪ್ಪ, ಕೆತ್ತುವುದು ಚುಕ್ಕಿಚುಕ್ಕಿ, ಪಕ್ಕದಲ್ಲಿ ಹೆಸರು ಅಂತ ಮಾಡಿದೆವು. ಬಣ್ಣ ಇದೆ, ಆದರೆ ಬಣ್ಣವನ್ನೇ ನಂಬಬೇಕಾಗಿಲ್ಲ. ಯಾವುದೇ ಹೊಸ ಚಿತ್ರ, ಗುಂಡಿ ಮಾಡಿದರೂ ಗಾಗಲ್ ಹಾಕಿಕೊಂಡೇ ಪರೀಕ್ಷೆ ಮಾಡಿ.

ನಿಲ್ಲಿಸುವ ಗುಂಡಿಯ ಬಗ್ಗೆ ನಾನು ಯಾರೊಂದಿಗೂ ರಾಜಿಯಾಗಲಿಲ್ಲ. ಇದ್ದ ತಂತ್ರಾಂಶದಲ್ಲಿ ಸ್ಟಾಪ್ ಒತ್ತಿದರೆ ಹೊಸ ಸಾಲು ಕಳಿಸುವುದು ನಿಲ್ಲುತ್ತಿತ್ತು, ಅಷ್ಟೇ. ಬೋರ್ಡಿನ ನೆನಪಿನಲ್ಲಿ ಆಗಲೇ ಇದ್ದ ಚಲನೆಗಳು ಮುಗಿಯುವವರೆಗೆ ಮಿಷನ್ ಓಡುತ್ತಲೇ ಇತ್ತು. ಜಿಆರ್‌ಬಿಎಲ್‌ನಲ್ಲಿ ಆಶ್ಚರ್ಯ ಚಿಹ್ನೆ ಕಳಿಸಿದರೆ ಅದು ಸರತಿಯಲ್ಲಿ ಕಾಯದೆ ಕೂಡಲೇ ಹಿಡಿದು ನಿಲ್ಲಿಸುತ್ತದೆ. ನಮ್ಮ ಗುಂಡಿ ಈಗ ಅದನ್ನೇ ಕಳಿಸುತ್ತದೆ. ಇನ್ನೊಂದು ತೊಂದರೆ, ದೊಡ್ಡ ಫೋಟೊ ತೆರೆಯುವಾಗ ಇಡೀ ಸ್ಕ್ರೀನು ಹೆಪ್ಪುಗಟ್ಟುತ್ತಿತ್ತು. ಆ ಹೊತ್ತಿನಲ್ಲಿ ಸ್ಟಾಪ್ ಒತ್ತಿದರೂ ಕೆಲಸ ಮಾಡುತ್ತಿರಲಿಲ್ಲ. ಫೋಟೊ ತೆರೆಯುವ ಕೆಲಸವನ್ನೂ ಮಿಷನ್ನಿನ ಜೊತೆ ಮಾತಾಡುವ ಭಾಗವನ್ನೂ ಸ್ಕ್ರೀನಿನಿಂದ ಬಿಡಿಸಿ, ತಮ್ಮ ಪಾಡಿಗೆ ಓಡುವ ಬೇರೆ ಥ್ರೆಡ್ಡುಗಳಿಗೆ ಸಾಗಿಸಿದೆವು. ಇಷ್ಟಾದರೂ ಸ್ಕ್ರೀನಿನ ಗುಂಡಿಯನ್ನೇ ನೆಚ್ಚಬೇಡಿ. ಕರೆಂಟು ಕಡಿಯುವ ಕೆಂಪು ತುರ್ತು ಸ್ವಿಚ್ಚು ಮಿಷನ್ನಿನ ಪಕ್ಕ ಇರಲೇಬೇಕು.

ಅಂಗಡಿಯ ಲ್ಯಾಪ್‌ಟಾಪು ಹಳೆಯದು, 1366 ಕ್ಕೆ 768ರ ಸ್ಕ್ರೀನು. ಕೆಲವು ಕಿಟಕಿಗಳಲ್ಲಿ ‘ಸರಿ’ ಗುಂಡಿಯೇ ಕೆಳಗೆ ಮುಚ್ಚಿಹೋಗುತ್ತಿತ್ತು. ಸ್ಕ್ರೀನಿನ ಪದಗಳನ್ನು ಕನ್ನಡಕ್ಕೆ ತಂದ ಮೇಲೆ ಗುಂಡಿಗಳ ಎತ್ತರ ಸಾಲದೆ ಒತ್ತಕ್ಷರದ ಬಾಲಗಳು ಕತ್ತರಿಸಿಹೋದವು. ಪಿಕ್ಸೆಲ್ ಲೆಕ್ಕದಲ್ಲಿ ಕಟ್ಟಿದ ಎತ್ತರಗಳನ್ನೆಲ್ಲ ತೆಗೆದು, ಅಕ್ಷರಕ್ಕೆ ತಕ್ಕಂತೆ ಬೆಳೆಯುವ ಹಾಗೆ ಮಾಡಬೇಕಾಯಿತು. ಬೇಸರದ ಕೆಲಸ, ವಾರಗಟ್ಟಲೆ ಹಿಡಿಯಿತು.

ರಟ್ಟಿನ ಪಟ್ಟಿಯನ್ನು ಕೊನೆಗೆ ಸ್ಕ್ರೀನಿನ ಒಳಗೇ ತಂದೆವು. ಈಗ ಕೆಲಸಗಾರ ಮೊದಲು ಸಾಮಾನು ಆರಿಸುತ್ತಾನೆ: 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಸಾಗುವಾನಿ, ಚರ್ಮ. ಸಂಖ್ಯೆಗಳು ತಾವಾಗಿ ಬರುತ್ತವೆ. ಅವು ಬರುವುದು ಪರೀಕ್ಷೆಯ ಚೌಕಗಳಿಂದ. ಒಂದು ಚೂರಿನ ಮೇಲೆ ಅಡ್ಡಸಾಲಿಗೊಂದು ಸ್ಪೀಡು, ಕಂಬಸಾಲಿಗೊಂದು ಪವರು ಇಟ್ಟು ಚೌಕಗಳನ್ನು ಕೆತ್ತುತ್ತದೆ. ಚೆನ್ನಾಗಿ ಬಂದ ಚೌಕವನ್ನು ಸ್ಕ್ರೀನಿನಲ್ಲಿ ಒತ್ತಿದರೆ ಅದೇ ಉಳಿದುಕೊಳ್ಳುತ್ತದೆ. ಬೇರೆಯವರ ಸಂಖ್ಯೆ ನಕಲು ಮಾಡಬೇಡಿ. ಲೆನ್ಸಿನ ಮೇಲೆ ಮಸಿ ಕೂತರೂ ಲೆಕ್ಕ ಬದಲಾಗುತ್ತದೆ. ಪಟ್ಟಿಯಲ್ಲಿ ಬೇಕಂತಲೇ ಎರಡು ಎಚ್ಚರಿಕೆ ಸೇರಿಸಿದೆವು. ಪಾರದರ್ಶಕ ಅಕ್ರಿಲಿಕ್ ನೀಲಿ ಬೆಳಕನ್ನು ಹೀರಿಕೊಳ್ಳುವುದಿಲ್ಲ, ಈ ಮಿಷನ್ನಿನಲ್ಲಿ ಕತ್ತರಿಸಲು ಆಗದು, ಅದಕ್ಕೆ ಸಿಒ2, ಅಂದರೆ ಕಾರ್ಬನ್ ಡೈಆಕ್ಸೈಡ್ ಅನಿಲದ ಲೇಸರ್ ಬೇಕು. ಇನ್ನೊಂದು ರೆಕ್ಸಿನ್. ಅದರಲ್ಲಿ ಪಿವಿಸಿ ಇದ್ದರೆ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಶ್ವಾಸಕೋಶಕ್ಕೂ ಕೆಟ್ಟದ್ದು, ಮಿಷನ್ನಿನ ಕಬ್ಬಿಣವೂ ತುಕ್ಕು ಹಿಡಿಯುತ್ತದೆ. ಪರ್ಸು, ಡೈರಿ ತಂದು “ಇದರ ಮೇಲೆ ಹೆಸರು ಹಾಕಿ” ಅನ್ನುವ ಗಿರಾಕಿಗೆ ಇಲ್ಲ ಅನ್ನಲು ಸ್ಕ್ರೀನಿನ ಕೆಂಪು ಸಾಲು ಹುಡುಗನಿಗೆ ಆಸರೆಯಾಗಿದೆ.

ಇನ್ನು ಕಾಗದಪತ್ರ. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ಬಿಡುವಿನಲ್ಲಿ ಬರೆದ ಕೋಡಿನ ಮೇಲೂ ಕಂಪನಿಗೆ ಹಕ್ಕಿದೆ ಅನ್ನುವ ಕಲಮು ಕೆಲಸದ ಕರಾರಿನಲ್ಲಿತ್ತು. ಮುಕ್ತ ತಂತ್ರಾಂಶಕ್ಕೆ ಕೊಡುವ ಮುಂಚೆ ಬರವಣಿಗೆಯಲ್ಲಿ ಒಪ್ಪಿಗೆ ಕೇಳಿದೆ. ಮೇಲಧಿಕಾರಿ, ಎಚ್‌ಆರ್, ಕಾನೂನು ವಿಭಾಗ, ಮತ್ತೆ ಮೇಲಧಿಕಾರಿ ಅಂತ ಪತ್ರ ಸುತ್ತಿತು. ಮಳೆಗಾಲ ಪೂರ್ತಿ ಕಾಯುವುದರಲ್ಲೇ ಹೋಯಿತು. ಅಷ್ಟರಲ್ಲಿ ಕೋಡ್ ತಯಾರಿದ್ದೂ ಕಳಿಸುವಂತಿರಲಿಲ್ಲ. ತುಂಬಾ ಬೇಸರವಾಗಿತ್ತು. ನೀವೂ ಕೆಲಸದಲ್ಲಿದ್ದರೆ ಮೊದಲ ದಿನವೇ ಅರ್ಜಿ ಕೊಡಿ. ಯೋಜನೆಯ ಹೆಸರು, ಅದರ ಲೈಸೆನ್ಸು, ಕಂಪನಿಯ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ ಅನ್ನುವ ಮಾತು, ನಿಮ್ಮದೇ ಲ್ಯಾಪ್‌ಟಾಪು ಬಳಸುತ್ತೀರಿ ಅನ್ನುವುದು, ಇಷ್ಟು ಅರ್ಜಿಯಲ್ಲಿರಲಿ. ನಮ್ಮ ತಂತ್ರಾಂಶದ ಲೈಸೆನ್ಸು ಜಿಪಿಎಲ್ 3. ಬದಲಾಯಿಸಿದ ಪ್ರತಿಯನ್ನು ಹಂಚಿದರೆ ಮೂಲ ಕೋಡನ್ನೂ ಕೊಡಬೇಕು.

ಒಪ್ಪಿಗೆ ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಕಳಿಸಿದೆ. ತಂತ್ರಾಂಶ ನೋಡಿಕೊಳ್ಳುವವರು ವಿನಯದಿಂದಲೇ, ಇಷ್ಟು ದೊಡ್ಡದನ್ನು ಓದಲು ನಮಗೆ ಪುರುಸೊತ್ತಿಲ್ಲ, ಒಡೆದು ಕಳಿಸಿ ಅಂದರು. ಒಂದು ಗುಂಡಿ, ಒಂದು ಪಟ್ಟಿ ಅಂತ ಬಿಡಿಸಿ ಕಳಿಸಿದೆ. ಪ್ರತಿಯೊಂದರ ಜೊತೆ ಮುಂಚಿನ ಸ್ಕ್ರೀನಿನ ಚಿತ್ರ, ಆಮೇಲಿನ ಚಿತ್ರ, ಹುಡುಗ ಒದ್ದಾಡುತ್ತಿದ್ದ ಒಂದು ಪುಟ್ಟ ವಿಡಿಯೊ. ಆ ವಿಡಿಯೊಗಳು ನನ್ನ ಯಾವ ವಾದಕ್ಕಿಂತಲೂ ಹೆಚ್ಚು ಕೆಲಸ ಮಾಡಿದವು. ಹಳಬರು ಕೆಲವರು ಸಂಖ್ಯೆಗಳನ್ನು ಬಚ್ಚಿಡಬೇಡಿ ಅಂತ ಗಟ್ಟಿಯಾಗಿ ವಿರೋಧಿಸಿದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಸರಳ ನೋಟ, ಪೂರ್ಣ ನೋಟ ಅಂತ ಎರಡು ಇಟ್ಟೆವು. ನಿಲ್ಲಿಸುವ ಗುಂಡಿ ಎರಡರಲ್ಲೂ ಒಂದೇ ಜಾಗದಲ್ಲಿ.

ಖರ್ಚು ದೊಡ್ಡದೇನಲ್ಲ. ಪರೀಕ್ಷೆಗೆ ಎಂಡಿಎಫ್ ಶೀಟುಗಳು, ಒಳ್ಳೆಯ ಗಾಗಲ್ಲು, ರೈಲಿನ ಓಡಾಟ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಆರ್ಡುಯಿನೊ ಯುನೊ ಅನ್ನುವ ಒಂದು ಪುಟ್ಟ ಕಂಟ್ರೋಲರ್ ಬೋರ್ಡು ಕೊಂಡೆ. ಅದಕ್ಕೆ ಜಿಆರ್‌ಬಿಎಲ್ 1.1 ಹಾಕಿ, 11ನೇ ಪಿನ್ನಿಗೆ ರೆಸಿಸ್ಟರಿನ ಜೊತೆ ಒಂದು ಎಲ್‌ಇಡಿ ಸಿಕ್ಕಿಸಿದರೆ ಪವರ್ ಏರಿಳಿದಂತೆ ದೀಪದ ಬೆಳಕೂ ಏರಿಳಿಯುತ್ತದೆ. ಲೇಸರ್ ಇಲ್ಲದೆ ಮನೆಯಲ್ಲೇ ಹೆಚ್ಚಿನ ಪರೀಕ್ಷೆ ಮಾಡಬಹುದು. ಬೇಡ ಅಂತ ಬಿಟ್ಟ ಖರ್ಚು ಒಂದೇ, ವಿಂಡೋಸಿಗೆ ಕೋಡ್ ಸೈನಿಂಗ್ ಪ್ರಮಾಣಪತ್ರ, ಅಂದರೆ ತಂತ್ರಾಂಶ ಯಾರದ್ದು ಅಂತ ಖಾತ್ರಿಪಡಿಸುವ ಡಿಜಿಟಲ್ ಸಹಿಯದ್ದು. ಅದಿಲ್ಲದಿದ್ದರೆ ಹೊಸ ಪ್ರತಿ ತೆರೆಯುವಾಗ ವಿಂಡೋಸ್ ನೀಲಿ ಎಚ್ಚರಿಕೆ ತೋರಿಸುತ್ತದೆ, ಕೆಲಸಗಾರರು ವೈರಸ್ ಅಂತ ಹೆದರುತ್ತಾರೆ. ಆದರೆ ಪ್ರತಿ ವರ್ಷ ದುಡ್ಡು, ಗುರುತಿನ ದಾಖಲೆಗಳು, 2023ರ ಜೂನ್‌ನಿಂದ ಸಹಿ ಹಾಕುವ ಕೀಲಿಯನ್ನು ಹಾರ್ಡ್‌ವೇರ್ ಸಾಧನದಲ್ಲೇ ಇಡಬೇಕು ಅನ್ನುವ ನಿಯಮ ಬೇರೆ. ಮೂಲ ಯೋಜನೆಯವರ ಬಿಡುಗಡೆಯಲ್ಲೇ ನಮ್ಮ ಬದಲಾವಣೆ ಸೇರಲಿ ಅಂತ ಕಾದದ್ದು ಅದಕ್ಕೇ.

ಈಗ ಅಂಗಡಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಯಾರನ್ನೂ ಕರೆಯದೆ ಬೆಳಿಗ್ಗೆ ಮಿಷನ್ ಶುರು ಮಾಡುತ್ತಾಳೆ. ಇನ್ನೂ ಆಗಬೇಕಾದದ್ದಿದೆ. ಫೋಟೊ ಕೆತ್ತುವ ಭಾಗದಲ್ಲಿ ಹಳೆಯ ಇಂಗ್ಲಿಷ್ ಕಿಟಕಿಗಳೇ ಉಳಿದಿವೆ. ಮುಂದಿನ ಸರದಿ ಅದರದ್ದು. ನೀವು ಹೊಸ ಆವೃತ್ತಿ ಹಾಕಿಕೊಳ್ಳುವುದಾದರೆ ಮೊದಲು ಬೋರ್ಡಿಗೆ ಎರಡು ಡಾಲರ್ ಚಿಹ್ನೆ ಕಳಿಸಿ, ಬರುವ ಸೆಟ್ಟಿಂಗ್ ಪಟ್ಟಿಯನ್ನು ಪ್ರಿಂಟ್ ತೆಗೆದು ಮಿಷನ್ನಿನ ಹಿಂಬದಿಗೆ ಅಂಟಿಸಿಡಿ.